ವಸ್ತುವಿಗೆ ಒಂದು ಬೆಳಕು, ಮುಖಕ್ಕೆ ಇನ್ನೊಂದು: ಸ್ಟಿಲ್ ಲೈಫ್ ಮತ್ತು ಪೋರ್ಟ್ರೇಟ್‌ಗೆ ಏನು ಆರಿಸಬೇಕು?

ಮೇಜಿನ ಮೇಲಿಟ್ಟ ಗಾಜಿನ ಬಾಟಲಿ ಎಷ್ಟು ಹೊತ್ತು ಬೇಕಾದರೂ ಕಾಯುತ್ತದೆ. ಕುರ್ಚಿಯಲ್ಲಿ ಕೂತವರು ಕಾಯುವುದಿಲ್ಲ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಕಣ್ಣು ಮಂಕಾಗುತ್ತದೆ, ನಗು ಬಿಗಿಯಾಗುತ್ತದೆ. ‘ಇನ್ನೂ ಎಷ್ಟು ಹೊತ್ತು?’ ಅನ್ನುವ ಪ್ರಶ್ನೆ ಬಾಯಿಗೆ ಬರದಿದ್ದರೂ ಮುಖದಲ್ಲಿ ಕಾಣುತ್ತದೆ. ಯಾವ ಲೈಟ್ ತಗೊಳ್ಳಲಿ, ಯಾವ ಲೆನ್ಸ್ ಹಾಕಲಿ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ನಿಮ್ಮ ಮುಂದಿರುವುದು ಎಷ್ಟು ಹೊತ್ತು ಕಾಯುತ್ತದೆ, ನೋಡಿಕೊಳ್ಳಿ. ಉಳಿದ ಆಯ್ಕೆಗಳಲ್ಲಿ ಮುಕ್ಕಾಲು ಪಾಲು ಅಲ್ಲೇ ತೀರ್ಮಾನವಾಗುತ್ತದೆ.

ಫೋಟೋಗ್ರಫಿಯ ಶುರುವಿನಲ್ಲೂ ಇದೇ ಕಥೆ. ಫೋಟೋಗ್ರಫಿ ಕಂಡುಹಿಡಿದವರಲ್ಲಿ ಒಬ್ಬರಾದ ಲೂಯಿ ದಾಗೆರ್ 1837ರಲ್ಲಿ ತೆಗೆದ ಹೆಸರಾಂತ ಚಿತ್ರದಲ್ಲಿ ಇರುವುದು ಒಂದು ಮೂಲೆಯಲ್ಲಿ ಜೋಡಿಸಿಟ್ಟ ಪ್ಲಾಸ್ಟರ್ ಮೂರ್ತಿಗಳು ಮತ್ತು ಸಾಮಾನು. ಆಗ ಚಿತ್ರ ಮೂಡುತ್ತಿದ್ದ ಲೋಹದ ಪ್ಲೇಟ್‌ಗೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಅಷ್ಟು ಹೊತ್ತು ಅಲ್ಲಾಡದೆ ಇರುವುದು ಮೂರ್ತಿಗೆ ಕಷ್ಟವಲ್ಲ. ಆಮೇಲೆ ಜನರ ಫೋಟೋ ತೆಗೆಯಲು ಹೊರಟಾಗ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಸ್ಟ್ಯಾಂಡ್ ಆನಿಸಬೇಕಾಯಿತು.

ಇದರಿಂದ ಕೆಲಸದ ಕ್ರಮವೇ ಬದಲಾಗುತ್ತದೆ. ವಸ್ತುವಾದರೆ (ಅದೇ ಸ್ಟಿಲ್ ಲೈಫ್) ಮೊದಲು ಫ್ರೇಮ್ ಕಟ್ಟಿ, ಅಂದರೆ ಚಿತ್ರದೊಳಗೆ ಏನೇನು ಎಲ್ಲಿರಬೇಕು ಅಂತ ಗೊತ್ತುಮಾಡಿ, ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಗಟ್ಟಿ ಮಾಡಿ, ಆಮೇಲೆ ಬೆಳಕನ್ನು ಒಂದೊಂದಾಗಿ ತನ್ನಿ. ಮುಖವಾದರೆ (ಅದೇ ಪೋರ್ಟ್ರೇಟ್) ತಿರುಗುಮುರುಗು. ಅವರು ಬರುವ ಮೊದಲೇ ಬೆಳಕು ಸಿದ್ಧವಿರಬೇಕು. ಬಂದ ಮೇಲೆ ಫ್ರೇಮ್ ಹುಡುಕುತ್ತಾ ಹೋಗಿ. ಯೂಸುಫ್ ಕಾರ್ಶ್ ತೆಗೆದ, ಆಗಿನ ಬ್ರಿಟನ್ ಪ್ರಧಾನಿ ಚರ್ಚಿಲ್ ಫೋಟೋ ನೋಡಿರುತ್ತೀರಿ, ಸಿಟ್ಟಿನ ಮುಖ, ಸೊಂಟದ ಮೇಲೆ ಕೈ. ಅದು 1941ರ ಡಿಸೆಂಬರ್ 30ರಂದು ಕೆನಡಾದ ಒಟ್ಟಾವಾದ ಪಾರ್ಲಿಮೆಂಟಿನಲ್ಲಿ ತೆಗೆದದ್ದು. ಕಾರ್ಶ್ ಹಿಂದಿನ ಸಂಜೆಯೇ ಲೈಟು, ಕ್ಯಾಮೆರಾ ಎಲ್ಲ ಜೋಡಿಸಿಟ್ಟಿದ್ದರು. ಚರ್ಚಿಲ್ ಬಾಯಿಂದ ಅವರು ಸಿಗಾರ್ ಕಿತ್ತುಕೊಂಡ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಹಿಂದಿನ ಸಂಜೆಯ ತಯಾರಿ ಇಲ್ಲದೇ ಹೋಗಿದ್ದರೆ ಸಿಗಾರ್ ಕಿತ್ತುಕೊಂಡೂ ಏನೂ ಸಿಗುತ್ತಿರಲಿಲ್ಲ.

ಕಿಟಕಿ, ಎಲ್‌ಇಡಿ, ಫ್ಲ್ಯಾಷ್

ಈ ಮೂರರಲ್ಲಿ ಒಂದನ್ನು ಆರಿಸಿ ಅಂದರೆ ಕಲಿಯುವವರಿಗೆ ನಾನು ಕಿಟಕಿಯನ್ನೇ ತೋರಿಸುತ್ತೇನೆ. ನೇರ ಬಿಸಿಲು ಬೀಳದ ಕಿಟಕಿ ಸುಮ್ನೆ ನಿಂತ ದೊಡ್ಡ ಸಾಫ್ಟ್‌ಬಾಕ್ಸ್ (ದೀಪದ ಬೆಳಕನ್ನು ಮೆತ್ತಗೆ ಮಾಡುವ ಬಟ್ಟೆಯ ಡಬ್ಬ). ಬಿಸಿಲು ಬೀಳುವ ಕಿಟಕಿಗೆ ತೆಳು ಬಿಳಿ ಬಟ್ಟೆ ಕಟ್ಟಿದರಾಯಿತು. ವಸ್ತುವಿಗೆ ಕಿಟಕಿಯ ಬೆಳಕು ಎಷ್ಟು ಮಂದವಿದ್ದರೂ ನಡೆಯುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ತೂತು, ಸಂಖ್ಯೆ ದೊಡ್ಡದಾದಷ್ಟು ತೂತು ಚಿಕ್ಕದು) ಎಫ್/11, ಷಟರ್ (ಬೆಳಕಿಗೆ ತೆರೆದು ಮುಚ್ಚುವ ಬಾಗಿಲು) ಒಂದು ಸೆಕೆಂಡು ಇಟ್ಟರೂ ಬಾಟಲಿ ತಕರಾರು ಮಾಡುವುದಿಲ್ಲ. ಟ್ರೈಪಾಡ್ ಇರಲಿ, ಷಟರನ್ನು ಟೈಮರ್‌ನಿಂದ ಒತ್ತಿ, ಅಷ್ಟೇ. ಮುಖಕ್ಕೆ ಆ ರಿಯಾಯಿತಿ ಇಲ್ಲ. ಕೂತಿರುವ ದೊಡ್ಡವರಿಗೂ 1/125 ಸೆಕೆಂಡಿಗಿಂತ ನಿಧಾನವಾದರೆ ಕಣ್ಣಿನ ರೆಪ್ಪೆ, ತುಟಿಯ ಅಂಚು ಕದಡುವ ಭಯ ಇರುತ್ತದೆ. ಮಕ್ಕಳಾದರೆ 1/250ಕ್ಕೂ ಮೇಲೆ ಹೋಗಬೇಕು. ಹಾಗಾಗಿ ಮುಖವನ್ನು ಕಿಟಕಿಗೆ ಹತ್ತಿರ ಕರೆತನ್ನಿ, ಒಂದು ಮೀಟರ್ ಆಸುಪಾಸು. ಐಎಸ್‌ಒ 400, 800 ಆದರೂ ಪರವಾಗಿಲ್ಲ. ಸ್ವಲ್ಪ ಕಾಳು (ಐಎಸ್‌ಒ ಏರಿಸಿದಾಗ ಬರುವ ಚುಕ್ಕೆಚುಕ್ಕೆ) ಬಂದ ಫೋಟೋವನ್ನು ಜನ ಇಷ್ಟಪಡುತ್ತಾರೆ, ಕದಡಿದ್ದನ್ನು ಇಷ್ಟಪಡುವುದಿಲ್ಲ.

ಕಿಟಕಿಯ ತೊಂದರೆ ಅದರ ಮೇಲೆ ನಮ್ಮ ಹಿಡಿತ ಇಲ್ಲದಿರುವುದು. ಮೋಡ ಬಂದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಮಧ್ಯಾಹ್ನದ ಬಣ್ಣ ಬೇರೆ, ಸಂಜೆಯದು ಬೇರೆ. ಒಂದೇ ಥರದ ಇಪ್ಪತ್ತು ವಸ್ತುಗಳ ಫೋಟೋ ಬೇಕು, ಎಲ್ಲವೂ ಪಕ್ಕಪಕ್ಕ ಇಟ್ಟರೆ ಹೊಂದಬೇಕು ಅನ್ನುವ ಕೆಲಸಕ್ಕೆ ಕಿಟಕಿ ನಂಬಿ ಕೂರಬೇಡಿ. ಅಲ್ಲಿ ಎಲ್‌ಇಡಿ ಒಳ್ಳೆಯದು.

ಎಲ್‌ಇಡಿಯ ದೊಡ್ಡ ಅನುಕೂಲ, ಕಂಡಂತೆಯೇ ಬರುತ್ತದೆ. ನೆರಳು ಎಲ್ಲಿ ಬೀಳುತ್ತದೆ ಅಂತ ಕ್ಲಿಕ್ ಮಾಡುವ ಮೊದಲೇ ನೋಡಬಹುದು. ಸ್ಟಿಲ್ ಲೈಫ್ ಕಲಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಕೊಳ್ಳುವಾಗ ವ್ಯಾಟ್‌ಗಿಂತ ಮೊದಲು ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ನೂರರ ಅಳತೆ) ನೋಡಿ, 95 ಅಥವಾ ಅದಕ್ಕಿಂತ ಜಾಸ್ತಿ ಇರಲಿ. ಅದು ಕಡಿಮೆಯಿದ್ದರೆ ಚರ್ಮ ಹಸಿರಿಗೋ ಬೂದಿಗೋ ತಿರುಗುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ಸರಿಹೋಗುವುದಿಲ್ಲ. ಮನೆಯ ಅಗ್ಗದ ಬಲ್ಬುಗಳಲ್ಲಿ ಇನ್ನೊಂದು ಕಾಟ ಮಿಣುಕು. 50 ಹರ್ಟ್ಸ್ ಕರೆಂಟಿನಲ್ಲಿ ಅವು ಸೆಕೆಂಡಿಗೆ 100 ಸಲ ಮಿಣುಕುತ್ತವೆ, 60 ಹರ್ಟ್ಸ್ ಆದರೆ 120 ಸಲ. ಫೋಟೋದಲ್ಲಿ ಅಡ್ಡಪಟ್ಟಿ ಕಂಡರೆ ಷಟರ್ ವೇಗವನ್ನು 1/100ಕ್ಕೆ ಅಥವಾ 1/50ಕ್ಕೆ ಇಳಿಸಿ (60 ಹರ್ಟ್ಸ್‌ಗೆ 1/120, 1/60). ಮುಖದ ವಿಷಯಕ್ಕೆ ಬಂದರೆ, ಜೋರಾದ ಎಲ್‌ಇಡಿ ಎದುರು ಅರ್ಧ ಗಂಟೆ ಕೂತವರ ಕಣ್ಣು ಕಿರಿದಾಗುತ್ತದೆ, ಪಾಪೆಯೂ ಚಿಕ್ಕದಾಗುತ್ತದೆ. ಇದನ್ನು ಅಂಗಡಿಯವರು ಹೇಳುವುದಿಲ್ಲ.

ಫ್ಲ್ಯಾಷ್ ಮುಖಕ್ಕೆ ಹೇಳಿ ಮಾಡಿಸಿದ್ದು. ಸಣ್ಣ ಫ್ಲ್ಯಾಷ್ ಬೆಳಗುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗ, ಇಲ್ಲವೇ ಅದಕ್ಕೂ ಕಡಿಮೆ. ಮಗು ಕುಣಿದರೂ, ಕೂದಲು ಹಾರಿದರೂ ಚಿತ್ರ ನಿಂತುಬಿಡುತ್ತದೆ. ಕಲಿಯಲು ಸ್ವಲ್ಪ ತಲೆ ಓಡಿಸಬೇಕು ನಿಜ. ಕೋಣೆಯ ಬೆಳಕನ್ನು ಷಟರ್ ನಿಯಂತ್ರಿಸುತ್ತದೆ, ಫ್ಲ್ಯಾಷಿನ ಬೆಳಕನ್ನು ಅಪರ್ಚರ್ ನಿಯಂತ್ರಿಸುತ್ತದೆ. ಇದೊಂದು ತಲೆಗೆ ಹೋದರೆ ಮುಕ್ಕಾಲು ಕೆಲಸ ಮುಗಿಯಿತು. ಹೆಚ್ಚಿನ ಕ್ಯಾಮೆರಾಗಳಲ್ಲಿ ಷಟರ್ 1/200 ಅಥವಾ 1/250 ದಾಟಿದರೆ ಫ್ರೇಮಿನ ಒಂದು ಭಾಗ ಕಪ್ಪಾಗುತ್ತದೆ, ಅದೊಂದು ನೆನಪಿರಲಿ. ಕ್ಯಾಮೆರಾ ತಲೆಯ ಮೇಲೇ ಕೂರಿಸಿ ನೇರ ಹೊಡೆಯುವ ಫ್ಲ್ಯಾಷ್ ಮಾತ್ರ ಎರಡಕ್ಕೂ ಬೇಡ.

ಇವನ್ನು ಬೆರೆಸುವಾಗ ಬಣ್ಣ ನೋಡಿಕೊಳ್ಳಿ. ಹಗಲಿನ ಬೆಳಕು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಕಡಿಮೆಯಾದಷ್ಟು ಹಳದಿ), ಮನೆಯ ಹಳದಿ ಬಲ್ಬು 2700. ಕಿಟಕಿ ಒಂದು ಕಡೆ, ಬಲ್ಬು ಇನ್ನೊಂದು ಕಡೆ ಇದ್ದರೆ ಒಂದು ಕೆನ್ನೆ ನೀಲಿ, ಇನ್ನೊಂದು ಕಿತ್ತಳೆ. ಪುಸ್ತಕದ ಮೇಲೆ ಅದು ಚೆಂದವೇ ಕಾಣಬಹುದು, ಚರ್ಮದ ಮೇಲೆ ಕಾಯಿಲೆ ಥರ ಕಾಣುತ್ತದೆ. ಕೋಣೆಯ ಬಲ್ಬು ಆರಿಸಿಬಿಡಿ.

ಮೆತ್ತನೆಯದೋ, ಗಡಸೋ

ನೆರಳಿನ ಅಂಚು ಮೆತ್ತಗಿರಬೇಕೋ ಚೂಪಾಗಿರಬೇಕೋ ಅನ್ನುವುದು ದೀಪದ ದುಡ್ಡಿನ ಮೇಲೆ ನಿಂತಿಲ್ಲ. ವಸ್ತುವಿನ ಜಾಗದಿಂದ ನೋಡಿದಾಗ ದೀಪ ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದೇ ಲೆಕ್ಕ. ಸೂರ್ಯ ಎಷ್ಟೇ ದೊಡ್ಡವನಾದರೂ ನಮಗೆ ಕಾಣುವುದು ಅರ್ಧ ಡಿಗ್ರಿಯಷ್ಟು, ಅದಕ್ಕೇ ಬಿಸಿಲಿನ ನೆರಳು ಚೂಪು. ಮೋಡ ಕವಿದರೆ ಇಡೀ ಆಕಾಶವೇ ದೀಪವಾಗುತ್ತದೆ, ನೆರಳು ಕರಗುತ್ತದೆ. ಹಾಗೇ 60 ಸೆಂ.ಮೀ. ಅಗಲದ ಸಾಫ್ಟ್‌ಬಾಕ್ಸ್ ಒಂದು ಹೂವಿಗೆ ಬಲು ಮೆತ್ತನೆ, ನಿಂತ ಮನುಷ್ಯನಿಗೆ ಮೂರು ಮೀಟರ್ ದೂರದಿಂದ ಹಿಡಿದರೆ ಗಡಸು. ಮುಖಕ್ಕೆ ಅಂತ ಕೊಂಡ ಸಾಮಾನು ವಸ್ತುವಿಗೆ ಆದೀತು. ವಸ್ತುವಿಗೆ ಅಂತ ಕೊಂಡದ್ದು ಮುಖಕ್ಕೆ ಆಗುತ್ತದೆ ಅಂತ ಹೇಳಲಾಗದು.

ದೂರ ಇನ್ನೊಂದು ಕೆಲಸ ಮಾಡುತ್ತದೆ. ದೀಪದಿಂದ ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಸಣ್ಣ ದೀಪವೊಂದು ಒಂದು ಕೆನ್ನೆಗೆ 50 ಸೆಂ.ಮೀ. ದೂರದಲ್ಲಿದೆ, ಇನ್ನೊಂದು ಕೆನ್ನೆ ಅದಕ್ಕಿಂತ 15 ಸೆಂ.ಮೀ. ಆಚೆಗಿದೆ ಅಂದುಕೊಳ್ಳಿ. ಆಚೆ ಕೆನ್ನೆಗೆ ಸಿಗುವುದು ಸುಮಾರು ನೂರಕ್ಕೆ 59ರಷ್ಟು ಬೆಳಕು. ಅದೇ ದೀಪವನ್ನು ಎರಡು ಮೀಟರ್ ದೂರಕ್ಕೆ ಒಯ್ದರೆ ನೂರಕ್ಕೆ 87 ಸಿಗುತ್ತದೆ. ಮುಖದಲ್ಲಿ ಏರಿಳಿತ ಬೇಕಾದರೆ ಹತ್ತಿರ, ಗುಂಪಿನ ಫೋಟೋದಲ್ಲಿ ಎಲ್ಲರಿಗೂ ಒಂದೇ ಬೆಳಕು ಬೇಕಾದರೆ ದೂರ. ಹಿನ್ನೆಲೆ ಕಪ್ಪಾಗಬೇಕೆಂದರೂ ಇದೇ ಉಪಾಯ: ದೀಪ ಮುಖಕ್ಕೆ ಹತ್ತಿರ, ಗೋಡೆ ದೂರ. ಬಿಳಿ ಗೋಡೆಯೂ ಬೂದು ಬಣ್ಣಕ್ಕೆ ತಿರುಗುತ್ತದೆ.

ಹಾಗಂತ ಗಡಸು ಬೆಳಕು ಕೆಟ್ಟದ್ದು ಅಂತ ತಿಳಿಯಬೇಡಿ. ಮರದ ಗೆರೆ, ನೇಯ್ದ ಬಟ್ಟೆ, ಹಳೆಯ ಚರ್ಮದ ಚೀಲ, ತುಕ್ಕು ಹಿಡಿದ ಬೀಗ, ಇವಕ್ಕೆಲ್ಲ ಪಕ್ಕದಿಂದ ಸವರಿಕೊಂಡು ಹೋಗುವ ಗಡಸು ಬೆಳಕೇ ಜೀವ. ಅದೇ ಬೆಳಕು ಮುಖದ ಮೇಲೆ ಪ್ರತಿ ಕಲೆಯನ್ನೂ ಪ್ರತಿ ಸುಕ್ಕನ್ನೂ ಎತ್ತಿ ತೋರಿಸುತ್ತದೆ. ಸುಕ್ಕೇ ಕಥೆಯಾದ ಮುಖವಾದರೆ ಸರಿ, ಮದುವೆಯ ಹುಡುಗಿಯ ಫೋಟೋಗೆ ಬೇಡ ಅಲ್ವಾ?

ಬೆಳಕು ಎಲ್ಲಿಂದ ಬರಲಿ

ವಸ್ತುವಿಗೆ ಹಿಂದಿನಿಂದ, ಮುಖಕ್ಕೆ ಮುಂದಿನ ಓರೆಯಿಂದ. ಎರಡರಲ್ಲೂ ಮೊದಲು ಇದನ್ನು ಮಾಡಿ ನೋಡಿ. ಮೇಜನ್ನು ಗಡಿಯಾರ ಅಂದುಕೊಂಡು, ಕ್ಯಾಮೆರಾ 6ರಲ್ಲಿದ್ದರೆ ವಸ್ತುವಿನ ದೀಪ 10 ಅಥವಾ 2ರ ಜಾಗದಲ್ಲಿ ಚೆನ್ನ. ಅಂಚು ಹೊಳೆಯುತ್ತದೆ, ನೆರಳು ನಮ್ಮ ಕಡೆ ಬೀಳುತ್ತದೆ, ವಸ್ತುವಿಗೆ ದಪ್ಪ ಬರುತ್ತದೆ. ಮುಂದೆ ಕತ್ತಲಾದ ಭಾಗಕ್ಕೆ ಒಂದು ಬಿಳಿ ಹಾಳೆ ಸಾಕು.

ಮುಖಕ್ಕೆ ದೀಪವನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆ, 45 ಡಿಗ್ರಿ ಪಕ್ಕಕ್ಕೆ ಇಡಿ. ಮೂಗಿನ ನೆರಳು ತುಟಿಯ ಮೂಲೆಯ ಕಡೆ ಸಣ್ಣಗೆ ಓರೆಯಾಗಿ ಬಿದ್ದರೆ ಅದಕ್ಕೆ ಲೂಪ್ ಲೈಟಿಂಗ್ ಅನ್ನುತ್ತಾರೆ, ಹೆಚ್ಚಿನ ಮುಖಗಳಿಗೆ ಹೊಂದುತ್ತದೆ. ದೀಪವನ್ನು ಇನ್ನೂ ಪಕ್ಕಕ್ಕೆ, ಇನ್ನೂ ಮೇಲಕ್ಕೆ ಸರಿಸುತ್ತಾ ಹೋದರೆ ಮೂಗಿನ ನೆರಳು ಕೆನ್ನೆಯ ನೆರಳಿಗೆ ಸೇರುತ್ತದೆ, ಕತ್ತಲಿನ ಕಡೆಯ ಕಣ್ಣಿನ ಕೆಳಗೆ ಬೆಳಕಿನ ಒಂದು ತ್ರಿಕೋನ ಉಳಿಯುತ್ತದೆ. ಅದೇ ರೆಂಬ್ರಾಂಟ್ ಲೈಟಿಂಗ್, ಗಂಭೀರ ಮುಖಕ್ಕೆ ಸರಿ. ದೀಪ ನೇರ ಎದುರಿಗೆ ಮೇಲಿದ್ದರೆ ಮೂಗಿನ ಕೆಳಗೆ ಚಿಟ್ಟೆಯ ಆಕಾರದ ನೆರಳು ಬೀಳುತ್ತದೆ, ಕೆನ್ನೆಯ ಮೂಳೆ ಎದ್ದು ಕಾಣುತ್ತದೆ. ಕಣ್ಣು ಒಳಗೆ ಹೋದವರಿಗೆ ಮಾತ್ರ ಇದು ಆಗುವುದಿಲ್ಲ, ಕಣ್ಣೇ ಕತ್ತಲಲ್ಲಿ ಮುಳುಗುತ್ತದೆ. ಪೂರ್ತಿ ಪಕ್ಕದಿಂದ ಬಂದು ಮುಖವನ್ನು ಅರ್ಧಕ್ಕೆ ಸೀಳುವ ಬೆಳಕು ಒಂದೆರಡು ಫೋಟೋಗೆ ಚೆನ್ನ, ಜಾಸ್ತಿ ಆದರೆ ನಾಟಕ.

ಇವೆಲ್ಲಕ್ಕಿಂತ ನನಗೆ ಉಪಯೋಗಕ್ಕೆ ಬರುವುದು ಇನ್ನೊಂದು ಆಯ್ಕೆ. ಮುಖ ಸ್ವಲ್ಪ ತಿರುಗಿದಾಗ ಒಂದು ಕೆನ್ನೆ ಕ್ಯಾಮೆರಾಗೆ ಜಾಸ್ತಿ ಕಾಣುತ್ತದೆ, ಇನ್ನೊಂದು ಕಡಿಮೆ. ಬೆಳಕು ಜಾಸ್ತಿ ಕಾಣುವ ಕೆನ್ನೆಗೆ ಬಿದ್ದರೆ ಮುಖ ಅಗಲ ಕಾಣುತ್ತದೆ, ಕಡಿಮೆ ಕಾಣುವ ಕೆನ್ನೆಗೆ ಬಿದ್ದರೆ ತೆಳ್ಳಗೆ ಕಾಣುತ್ತದೆ. ದೀಪ ಮುಟ್ಟುವುದೇ ಬೇಡ, ಅವರನ್ನು ಇನ್ನೊಂದು ಕಡೆ ತಿರುಗಿ ಅಂದರೆ ಸಾಕು. ಜೊತೆಗೆ ಕಣ್ಣಿನಲ್ಲಿ ದೀಪದ ಒಂದು ಚುಕ್ಕೆ ಹೊಳೆಯುತ್ತಿದೆಯೇ ನೋಡಿ. ಆ ಚುಕ್ಕೆ ಇಲ್ಲದ ಕಣ್ಣು ಸತ್ತಂತೆ ಕಾಣುತ್ತದೆ.

ಹೊಳೆಯುವ ಸಾಮಾನು, ಕನ್ನಡಕದ ಮುಖ

ಹೆಚ್ಚು ಜನ ಸೋಲುವುದು ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಗಾಜು, ಸ್ಟೀಲು ತಮ್ಮ ಬಣ್ಣಕ್ಕಿಂತ ಹೆಚ್ಚಾಗಿ ತೋರಿಸುವುದು ಸುತ್ತಲಿನದನ್ನು. ಬೆಳಕು ಯಾವ ಕೋನದಲ್ಲಿ ಬಂದಿತೋ ಅದೇ ಕೋನದಲ್ಲಿ ಹೊರಡುತ್ತದೆ, ಆ ದಾರಿಯಲ್ಲಿ ಕ್ಯಾಮೆರಾ ನಿಂತಿದ್ದರೆ ಬಿಳಿ ಮಚ್ಚೆ ಗ್ಯಾರಂಟಿ.

ಗಾಜಿನ ಬಾಟಲಿಗೆ ಎರಡು ದಾರಿ ಇವೆ. ಮೊದಲನೆಯದು, ಬಾಟಲಿಯ ಹಿಂದೆ ಬಿಳಿ ಹಲಗೆ ನಿಲ್ಲಿಸಿ, ಬಾಟಲಿಯನ್ನು ಬಿಟ್ಟು ಆ ಹಲಗೆಗೆ ಬೆಳಕು ಹೊಡೆಯುವುದು. ಬಿಳಿ ಭಾಗ ಫ್ರೇಮಿನಷ್ಟೇ ಅಗಲವಿರಲಿ. ಫ್ರೇಮಿನ ಆಚೆಗೆ ಎರಡೂ ಪಕ್ಕ ಕಪ್ಪು ಹಾಳೆ ನಿಲ್ಲಿಸಿದರೆ ಬಾಟಲಿಯ ಅಂಚು ಪೆನ್ಸಿಲಿನಲ್ಲಿ ಬರೆದಷ್ಟು ಸ್ಪಷ್ಟವಾಗಿ ಕಪ್ಪಾಗುತ್ತದೆ. ಎರಡನೆಯದು ಇದರ ಉಲ್ಟಾ. ಹಿಂದೆ ದೊಡ್ಡ ಬೆಳಗುವ ಹಲಗೆ, ಅದರ ಮುಂದೆ ಫ್ರೇಮ್ ತುಂಬುವಷ್ಟೇ ಕಪ್ಪು ಹಾಳೆ. ಕಪ್ಪಿನ ಸುತ್ತಲಿಂದ ನುಗ್ಗುವ ಬೆಳಕು ಅಂಚಿಗೆ ತಾಗಿ, ಕತ್ತಲಲ್ಲಿ ಬಾಟಲಿಯ ಗೆರೆ ಮಾತ್ರ ಬೆಳ್ಳಗೆ ಮೂಡುತ್ತದೆ. ಒಳಗೆ ಬಣ್ಣದ ದ್ರವ ಇದ್ದರೆ ಮೊದಲನೆಯದನ್ನು ಆರಿಸಿ, ಬಣ್ಣ ಬೆಳಗುತ್ತದೆ. ಖಾಲಿ ಗಾಜಿನ ಆಕಾರ ತೋರಿಸಬೇಕಾದರೆ ಎರಡನೆಯದು. ಎರಡರಲ್ಲೂ ಗಾಜಿನ ಮೇಲಿನ ಒಂದು ಬೆರಳಚ್ಚು, ಒಂದು ಧೂಳಿನ ಎಳೆ ಕೂಡ ಕಾಣುತ್ತದೆ. ಎರಡನೆಯದರಲ್ಲಂತೂ ನಕ್ಷತ್ರದಂತೆ ಮಿನುಗುತ್ತದೆ. ಒರೆಸಿ, ಮತ್ತೆ ಒರೆಸಿ, ಆಮೇಲೆ ಬರಿಗೈಲಿ ಮುಟ್ಟಬೇಡಿ.

ಸ್ಟೀಲಿನ ಕೆಟಲ್ ಇನ್ನೂ ಹಠಮಾರಿ. ಕೋಣೆ, ಕ್ಯಾಮೆರಾ, ನಿಮ್ಮ ಅಂಗಿ, ಎಲ್ಲ ಅದರ ಹೊಟ್ಟೆಯಲ್ಲಿ. ಲೆನ್ಸಿಗೆ ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಹಾಕಿದರೆ ಸರಿಹೋಗುತ್ತದೆ ಅನ್ನುವವರ ಮಾತು ನಂಬಬೇಡಿ. ಗಾಜು, ನೀರು, ವಾರ್ನಿಷ್‌ಗೆ ಅದು ಕೆಲಸ ಮಾಡುತ್ತದೆ. ಬರೀ ಲೋಹದ ಹೊಳಪಿಗೆ, ದೀಪಕ್ಕೂ ಪೋಲರೈಸಿಂಗ್ ಹಾಳೆ ಹಾಕದ ಹೊರತು ಮಾಡುವುದಿಲ್ಲ. ಸುತ್ತ ಟ್ರೇಸಿಂಗ್ ಪೇಪರ್ ಕಟ್ಟಿ, ಹೊರಗಿನಿಂದ ಬೆಳಕು ಕೊಡಿ. ಆಗ ಕೆಟಲ್ ಪೂರ್ತಿ ಬೆಳ್ಳಗಾಗಿ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಪೇಪರಿನ ಮೇಲೆ ಒಂದು ಕಪ್ಪು ಪಟ್ಟಿ ಅಂಟಿಸಿದ ಕೂಡಲೇ ಲೋಹ ಲೋಹವಾಗುತ್ತದೆ. ಅಮೆರಿಕದ ಫೋಟೋಗ್ರಾಫರ್ ಎಡ್ವರ್ಡ್ ವೆಸ್ಟನ್ 1930ರಲ್ಲಿ ದಪ್ಪ ಮೆಣಸಿನಕಾಯಿಯೊಂದನ್ನು ತಗಡಿನ ಲಾಳಿಕೆಯೊಳಗೆ ಮಲಗಿಸಿ ಫೋಟೋ ತೆಗೆದದ್ದೂ ಇದೇ ತರ್ಕಕ್ಕೆ. ಲಾಳಿಕೆಯ ಬಾಗಿದ ಗೋಡೆ ಸುತ್ತಲಿಂದ ಬೆಳಕು ತಿರುಗಿಸಿ ಕೊಡುತ್ತಿತ್ತು, ಹಿನ್ನೆಲೆಯೂ ಅದೇ ಆಯಿತು.

ಕನ್ನಡಕ ಹಾಕಿದ ಮುಖಕ್ಕೂ ಇದೇ ಕೋನದ ಲೆಕ್ಕ. ಆದರೆ ಮನುಷ್ಯರ ಸುತ್ತ ಪೇಪರ್ ಕಟ್ಟಲು ಆಗುವುದಿಲ್ಲವಲ್ಲ. ದೀಪ ಮೇಲಕ್ಕೆತ್ತಿ, ಗಲ್ಲ ಒಂಚೂರು ಕೆಳಗಿಳಿಸಿ ಅನ್ನಿ. ಸಾಲದಿದ್ದರೆ ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲಿಂದ ಕೂದಲೆಳೆಯಷ್ಟು ಎತ್ತಿ, ಗಾಜು ಕೆಳಕ್ಕೆ ವಾಲುತ್ತದೆ, ಹೊಳಪು ಹೋಗುತ್ತದೆ. ರಿಂಗ್ ಲೈಟ್ ಮಾತ್ರ ಕನ್ನಡಕದವರಿಗೆ ತರಬೇಡಿ, ಎರಡು ಗಾಜಿನಲ್ಲೂ ಎರಡು ಬಳೆ ಕೂರುತ್ತವೆ.

ನೆರಳು ತುಂಬಲು ಬಿಳಿ ಥರ್ಮೋಕೋಲ್ ಹಲಗೆ ಎರಡು ಕಡೆಗೂ ಸಾಕು. ಕಪ್ಪು ಹಲಗೆಯನ್ನೂ ಒಂದು ಇಟ್ಟುಕೊಳ್ಳಿ. ಬಿಳಿ ಗೋಡೆಗಳ ಕೋಣೆಯಲ್ಲಿ ಬೆಳಕು ಎಲ್ಲ ಕಡೆಯಿಂದ ತಿರುಗಿ ಬಂದು ಮುಖ ಚಪ್ಪಟೆಯಾದಾಗ, ನೆರಳಿನ ಕಡೆ ಅದನ್ನು ಹಿಡಿದರೆ ದವಡೆಯ ಗೆರೆ ಮತ್ತೆ ಕಾಣುತ್ತದೆ.

ಲೆನ್ಸ್‌ಗಿಂತ ದೂರ ಮುಖ್ಯ

ಮುಖಕ್ಕೆ 85 ಮಿ.ಮೀ. ಲೆನ್ಸ್ ಬೇಕು ಅನ್ನುವ ಮಾತು ಅರ್ಧ ಸತ್ಯ. ಮುಖದ ಆಕಾರ ಕೆಡಿಸುವುದು ಕ್ಯಾಮೆರಾ ತೀರ ಹತ್ತಿರ ಹೋಗುವುದು. ಮೂಗಿನ ತುದಿಯಿಂದ ಕಿವಿಗೆ 12 ಸೆಂ.ಮೀ. ಅಂತಿಟ್ಟುಕೊಳ್ಳಿ. ಮೂಗಿನಿಂದ 30 ಸೆಂ.ಮೀ. ದೂರದಲ್ಲಿ ಕ್ಯಾಮೆರಾ ಇದ್ದರೆ ಕಿವಿಗೆ ಹೋಲಿಸಿದಾಗ ಮೂಗು ನೂರಕ್ಕೆ 40ರಷ್ಟು ದೊಡ್ಡದಾಗಿ ಬೀಳುತ್ತದೆ. ಒಂದೂವರೆ ಮೀಟರ್ ದೂರ ಹೋದರೆ ಆ ವ್ಯತ್ಯಾಸ ನೂರಕ್ಕೆ 8 ಮಾತ್ರ. ಅಷ್ಟು ದೂರದಿಂದ ಫ್ರೇಮ್ ತುಂಬಲು ಉದ್ದ ಲೆನ್ಸ್ ಬೇಕಾಗುತ್ತದೆ, 85ರ ಗುಟ್ಟು ಇಷ್ಟೇ. ಫೋನಿನಲ್ಲಿ ತೆಗೆಯುವುದಾದರೆ ಎರಡು ಅಥವಾ ಮೂರು ಪಟ್ಟಿನ ಲೆನ್ಸಿಗೆ ಹಾಕಿಕೊಂಡು ಹಿಂದೆ ಸರಿಯಿರಿ.

ವಸ್ತುವಿಗೆ 50ರಿಂದ 100 ಮಿ.ಮೀ. ಯಾವುದಾದರೂ ನಡೆದೀತು. ಅಪರ್ಚರ್ ಮಾತ್ರ ಬೇರೆ ಬೇರೆ. ಮುಖಕ್ಕೆ ಎಫ್/2, ಎಫ್/2.8 ಇಟ್ಟು ಹತ್ತಿರದ ಕಣ್ಣಿಗೆ ಫೋಕಸ್ ಮಾಡಿ, ಉಳಿದದ್ದು ಮಸುಕಾಗಲಿ. ವಸ್ತುವಿಗೆ ಎಫ್/8ರಿಂದ ಎಫ್/11. ಎಲ್ಲ ಸ್ಪಷ್ಟವಾಗಲಿ ಅಂತ ಎಫ್/22ಕ್ಕೆ ಓಡಬೇಡಿ, ಕಿರಿದಾದ ತೂತಿನಲ್ಲಿ ಬೆಳಕು ಬಾಗಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಅದರ ಬದಲು ಫೋಕಸ್ ಸರಿಸುತ್ತಾ ನಾಲ್ಕಾರು ಫೋಟೋ ತೆಗೆದು ಜೋಡಿಸಬಹುದು. ಕಾಯುವ ವಸ್ತುವಿಗೆ ಮಾತ್ರ ಸಾಧ್ಯವಿರುವ ಐಷಾರಾಮ ಅದು.

ಫ್ರೇಮಿನೊಳಗೆ

ಸ್ಟಿಲ್ ಲೈಫ್‌ನಲ್ಲಿ ಮೊದಲ ಪ್ರಶ್ನೆ ಕ್ಯಾಮೆರಾದ ಎತ್ತರ. ಚಪ್ಪಟೆ ವಸ್ತುಗಳನ್ನು, ಅಂದರೆ ಪುಸ್ತಕ, ಕತ್ತರಿ, ಎಲೆಗಳನ್ನು ನೇರ ಮೇಲಿಂದ ತೆಗೆಯಿರಿ. ಎತ್ತರದ ಬಾಟಲಿ, ಹೂದಾನಿಗೆ ಅವುಗಳ ಮಟ್ಟಕ್ಕೇ ಇಳಿಯಿರಿ. ಎರಡೂ ಬೆರೆತಿದ್ದರೆ ನಡುವಿನ ಓರೆ ಕೋನ. ಮೇಲಿಂದ ತೆಗೆದ ಬಾಟಲಿ ಬರೀ ಮುಚ್ಚಳ ಆಗಿಬಿಡುತ್ತದೆ.

ಎರಡನೆಯದು ಖಾಲಿ ಜಾಗ. ವಸ್ತುಗಳ ಅಂಚುಗಳು ಒಂದಕ್ಕೊಂದು ಆಗಷ್ಟೇ ತಾಗಿದಂತೆ ಇಡಬೇಡಿ. ಒಂದನ್ನೊಂದು ಸ್ವಲ್ಪ ಮರೆಮಾಡಲಿ, ಇಲ್ಲವೇ ಸ್ಪಷ್ಟವಾಗಿ ದೂರವಿರಲಿ. ಜೋಡಿಸುವಾಗ ದೊಡ್ಡದನ್ನು ಮೊದಲು ಇಟ್ಟು, ಒಂದೊಂದೇ ಸೇರಿಸುತ್ತಾ, ಪ್ರತಿ ಸಲ ಕ್ಯಾಮೆರಾದ ಸ್ಕ್ರೀನ್ ನೋಡಿ. ಇನ್ನೊಂದು ಇಟ್ಟರೆ ಹೇಗೆ ಅನ್ನಿಸಿದಾಗ, ಒಂದು ತೆಗೆದರೆ ಹೇಗೆ ಅಂತಲೂ ನೋಡಿ. ನನ್ನ ಮಟ್ಟಿಗೆ ತೆಗೆದದ್ದೇ ಹೆಚ್ಚು ಸಲ ಗೆದ್ದಿದೆ.

ಮೂರನೇ ಒಂದು ಭಾಗದ ನಿಯಮ (ಮುಖ್ಯವಾದದ್ದನ್ನು ಫ್ರೇಮಿನ ನಡುವೆ ಇಡದೆ ಅಂಚಿನಿಂದ ಮೂರನೇ ಒಂದು ಭಾಗದಲ್ಲಿ ಇಡುವುದು) ಮುಖಕ್ಕೂ ವಸ್ತುವಿಗೂ ಆರಂಭಕ್ಕೆ ಪರವಾಗಿಲ್ಲ, ಅದರ ಬಗ್ಗೆ ಬರೆದದ್ದೇ ಬೇಕಾದಷ್ಟಿದೆ. ಮುಖ ನೇರ ಕ್ಯಾಮೆರಾ ನೋಡುತ್ತಿದ್ದರೆ ನಡುವೆಯೇ ಇಡಿ, ದಿಟ್ಟಿಗೆ ಬಲ ಬರುತ್ತದೆ. ಪಕ್ಕಕ್ಕೆ ನೋಡುತ್ತಿದ್ದರೆ ನೋಡುವ ಕಡೆ ಜಾಗ ಬಿಡಿ. ಕತ್ತರಿಸುವಾಗ ಮಣಿಕಟ್ಟು, ಮೊಣಕೈ, ಮಂಡಿಯಂಥ ಕೀಲುಗಳಲ್ಲಿ ಫ್ರೇಮ್ ಮುಗಿಯದಿರಲಿ. ಅದರ ಮೇಲೋ ಕೆಳಗೋ ಕತ್ತರಿಸಿ.

ಜನರನ್ನು ಎಲ್ಲಿ ನಿಲ್ಲಿಸುವುದು ಅನ್ನುವುದಕ್ಕೆ ಇರ್ವಿಂಗ್ ಪೆನ್ ಮಾಡಿದ್ದು ನನಗೆ ಬಲು ಇಷ್ಟ. ಅವರು ಸ್ಟಿಲ್ ಲೈಫ್ ಮತ್ತು ಪೋರ್ಟ್ರೇಟ್ ಎರಡರಲ್ಲೂ ಪಳಗಿದವರು. 1948ರಲ್ಲಿ ಸ್ಟುಡಿಯೋದ ಎರಡು ದೊಡ್ಡ ಹಲಗೆಗಳನ್ನು ಕಿರಿದಾದ ಮೂಲೆಯಾಗಿ ಜೋಡಿಸಿ, ಹೆಸರಾಂತ ಜನರನ್ನು ಅದರೊಳಗೆ ನಿಲ್ಲಿಸಿದರು. ಕೆಲವರು ಗೋಡೆಗೆ ಒರಗಿದರು, ಕೆಲವರು ಇಕ್ಕಟ್ಟಿಗೆ ಸಿಕ್ಕಂತೆ ಮುದುಡಿದರು. ಫ್ರೇಮನ್ನು ಮೊದಲೇ ಕಟ್ಟಿಟ್ಟದ್ದು ಸ್ಟಿಲ್ ಲೈಫ್‌ನವರ ಅಭ್ಯಾಸ. ಅದರೊಳಗೆ ಹೇಗೆ ನಿಲ್ಲಬೇಕು ಅನ್ನುವುದನ್ನು ಮಾತ್ರ ಬಂದವರಿಗೇ ಬಿಟ್ಟರು.

ಎರಡೂ ಒಂದೇ ಫ್ರೇಮಿನಲ್ಲಿ ಬರುವುದೂ ಉಂಟು. ಬಡಗಿ ತನ್ನ ಉಳಿ, ಗರಗಸಗಳ ಜೊತೆ, ಗಡಿಯಾರ ರಿಪೇರಿ ಮಾಡುವವರು ತಮ್ಮ ಮೇಜಿನ ಹಿಂದೆ. ಆಗ ಸಲಕರಣೆಗಳ ಜೋಡಣೆಯನ್ನು ಅವರು ಬರುವ ಮೊದಲೇ ಮುಗಿಸಿ, ಕುರ್ಚಿಯಲ್ಲಿ ಬೇರೆ ಯಾರನ್ನಾದರೂ ಕೂರಿಸಿ ಮುಖದ ಬೆಳಕು ಹೊಂದಿಸಿಕೊಳ್ಳಿ. ಬೆಳಕು ಮುಖಕ್ಕೆ ಒಪ್ಪುವಂಥದ್ದೇ ಇರಲಿ, ಉಳಿಯ ಹೊಳಪು ಸ್ವಲ್ಪ ಕಡಿಮೆಯಾದರೂ ಸರಿ. ಅಪರ್ಚರ್ ಎಫ್/5.6ರ ಆಸುಪಾಸಿಗೆ ತಂದು, ಸಲಕರಣೆಗಳನ್ನು ಮುಖದಷ್ಟೇ ದೂರಕ್ಕೆ ಸರಿಸಿದರೆ ಎರಡೂ ಸ್ಪಷ್ಟವಾಗಿ ಬರುತ್ತವೆ. ಅವರನ್ನು ಕಳಿಸಿದ ಮೇಲೆ ಕ್ಯಾಮೆರಾ ಅಲುಗಿಸದೆ, ಬರೀ ಮೇಜಿನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಉಳಿಯ ಮೇಲೆ ಬಿಳಿ ಮಚ್ಚೆ ಕಂಡರೆ ದೀಪವನ್ನು ಸ್ವಲ್ಪ ಸರಿಸಿ ಇನ್ನೊಂದು ತೆಗೆಯಿರಿ, ಆಮೇಲೆ ಜೋಡಿಸಲು ಬರುತ್ತದೆ.